ಫೈಲಿನ ಮೂಲೆಯ ಪೆನ್ಸಿಲ್ ಬರಹ

ಪ್ರೀತಿಯ ಅಕ್ಕನಿಗೆ,

ಇಲ್ಲಿಗೆ ಬಂದು ಆರು ದಿನವಾಯಿತು. ಸ್ತನ ಕ್ಯಾನ್ಸರಿಗೆ ಈ ಆಸ್ಪತ್ರೆ ಎಷ್ಟು ಚೆನ್ನಾಗಿ ಚಿಕಿತ್ಸೆ ಕೊಡುತ್ತಿದೆ ಎಂದು ಅಳೆಯುವುದು ನನ್ನ ಕೆಲಸ. ಕಿಟಕಿಯಿಲ್ಲದ ದಾಖಲೆ ಕೋಣೆಯಲ್ಲಿ ಕೂತು, ಗಂಟು ತೋರಿಸಿದ ಎಷ್ಟು ದಿನಕ್ಕೆ ಪರೀಕ್ಷೆ, ಎಷ್ಟು ದಿನಕ್ಕೆ ಆಪರೇಷನ್ ಎಂದು ಒಂದೊಂದೇ ಫೈಲಿನಿಂದ ಬರೆದುಕೊಳ್ಳುತ್ತೇನೆ. ಇಡೀ ದಿನ ನನ್ನನ್ನು ಮಾತಾಡಿಸುವವರು ಯಾರೂ ಇಲ್ಲ. ನಿನ್ನೆ ಬಾಯಿ ಬಿಟ್ಟು ಫ್ಯಾನಿಗೇ ಬೈದೆ.

ಒಂದು ವಿಚಿತ್ರ ಕಂಡೆ. ಕೆಲವು ಫೈಲುಗಳ ಮೂಲೆಯಲ್ಲಿ ಪೆನ್ಸಿಲಿನಲ್ಲಿ ‘ಒಬ್ಬರೇ ಬಂದಿದ್ದರು’ ಎಂದು ಬರೆದಿದೆ. ಬರೆದವರು ಇಲ್ಲಿನ ಹಿರಿಯ ನರ್ಸ್. ಇದಕ್ಕೆ ನನ್ನ ಫಾರಂನಲ್ಲಿ ಕಾಲಂ ಇಲ್ಲವಲ್ಲ ಎಂದು ಅವರನ್ನೇ ಹುಡುಕಿ ಕೇಳಿದೆ.

“ಇಲ್ದಿದ್ರೆ ಬಿಡಿ ಮೇಡಂ. ಅಂಥವ್ರಿಗೆ ಡಾಕ್ಟ್ರು ರಿಪೋರ್ಟ್ ಹೇಳೋವಾಗ ನಾನು ಪಕ್ಕದಲ್ಲಿ ಕೂತ್ಕೋಬೇಕು. ಅದಕ್ಕೆ ಗುರುತು,” ಎಂದರು.

ಆಮೇಲೆ ನನ್ನ ಕೆಲಸ ಮುಂದೆ ಸಾಗಲಿಲ್ಲ. ಹೋದ ವರ್ಷ ನಿನ್ನ ಗಂಟಿನ ರಿಪೋರ್ಟ್ ಬರುವ ದಿನ, ನಾನು ಬರಲೇ ಎಂದು ಫೋನಿನಲ್ಲಿ ಕೇಳಿದ್ದೆ. “ಬೇಡ ಕಣೇ, ಪಕ್ಕದ್ಮನೆ ಟೀಚರ್ ಜೊತೇಲಿದ್ದಾರೆ,” ಎಂದು ನೀನು ಹೇಳಿದೆ. ನಾನೂ ಹಾಯಾಗಿ ಫೋನ್ ಇಟ್ಟುಬಿಟ್ಟೆ.

ನೀನು ಕೇಳಿದ್ದೆಯಲ್ಲ, ನನ್ನ ನೆಗಡಿ ವಾಸಿಯಾಗಿದೆ. ಹನ್ನೆರಡನೇ ತಾರೀಖು ನಿನ್ನ ತಪಾಸಣೆಗೆ ನಾನೇ ಜೊತೆಗೆ ಬರುತ್ತೇನೆ, ರಜೆ ಹಾಕಿಯಾಗಿದೆ, ನಿನ್ನ ‘ಬೇಡ’ ಈ ಸಲ ನಡೆಯುವುದಿಲ್ಲ. ಈ ಅಂಚೆ ಕಾರ್ಡು ತುಂಬುತ್ತಾ ಬಂತು. ಇನ್ನೊಂದೇ ಮಾತು, ಅಂಚೆಯವರು ಓದಿದರೆ ಓದಲಿ: ಆ ದಿನ ಟೀಚರ್ ನಿಜವಾಗಿ ಇದ್ದರಾ, ಅಕ್ಕ?

ನಿನ್ನ ತಂಗಿ