ಬರೆ ಮತ್ತು ಗೋಡೆಯ ನಡುವೆ

ಏಪ್ರಿಲ್ 16, ಮಂಗಳವಾರ
ಪೋಸ್ಟ್ ಆಫೀಸಿನಿಂದ ಬಂದಾಗ ಐದೂವರೆ. ಒಣಗಿದ ಬಟ್ಟೆ ತೆಗೆದೆ, ಅಕ್ಕಿ ನೆನೆಹಾಕಿದೆ. ಹಿತ್ತಲ ವಾಸನೆ ಇವತ್ತೂ ಇದೆ. ಪ್ಲಂಬರ್ ಲೋಹಿತ್ ಬಂದು ಟಾರ್ಚ್ ಬಿಟ್ಟು ನೋಡಿದ. ನಮ್ಮ ಮಹಡಿಯ ಕಕ್ಕಸಿನ ಪೈಪ್ ಸೋರುತ್ತಿದೆ. ಮನೆಯ ಹಿಂಗೋಡೆಗೂ ಗುಡ್ಡ ಕಡಿದ ಬರೆಗೂ ನಡುವೆ ಒಂದೂಕಾಲು ಅಡಿ ಸಂದು. ಅದರ ನಟ್ಟನಡುವೆ.
"ಅಕ್ಕ, ಇದ್ರೊಳಗೆ ನಾನು ಹಿಡ್ಸಲ್ಲ. ಬರೆ ಸ್ವಲ್ಪ ಕಡೀಬೇಕು. ಮಳೆ ಹಿಡಿಯೋ ಮುಂಚೆ ಮಾಡ್ಸಿ. ಸಂದಿನ ತುದೀಲೇ ಬಾವಿ ಐತೆ" ಅಂದ.
ಕೆಳಮನೆಯ ಬಾಡಿಗೆಯವರು, ಸೋಮಯ್ಯ–ರಮ್ಯ, ಕುಡಿಯುವುದು ಆ ಬಾವಿ ನೀರು. ನಾವೂ ಅದನ್ನೇ. ಆದರೆ ಮೇಲೆ ಫಿಲ್ಟರ್ ಇದೆ.

ಏಪ್ರಿಲ್ 21, ಭಾನುವಾರ
ನಮ್ಮ ಯಜಮಾನರು ಒಪ್ಪಲಿಲ್ಲ. "ಬರೆ ಮುಟ್ಟಿದ್ರೆ ಮನೆ ಮೇಲೇ ಕುಸೀತದೆ. ಸುಮ್ನಿರು" ಅಂದರು. ಬಚ್ಚಲ ಕಿಟಕಿಯಿಂದ ಪೈಪಿನ ಮೇಲೆ ಒಂದು ಬಕೆಟ್ ಸಿಮೆಂಟ್ ನೀರು ಸುರಿದರು. ಅಷ್ಟೇ. ವಾಸನೆ ಕಡಿಮೆಯಾದಂತಿದೆ... ಗೊತ್ತಿಲ್ಲ.
ರಮ್ಯ ಅಂಗಳದಿಂದ ಕೂಗಿದಳು: "ಅಕ್ಕ, ಪೈಪ್ ಸರಿಯಾಯ್ತಾ?"
ಆಯ್ತು ಅಂದುಬಿಟ್ಟೆ.

ಮೇ 19, ಭಾನುವಾರ
ಮೂರು ದಿನದಿಂದ ಮಳೆ. ವಾಸನೆ ಮತ್ತೆ. ಬಾವಿ ನೀರು ಬಕೆಟ್ಟಿನಲ್ಲಿ ಚೂರು ಕದಡಿದಂತೆ ಕಂಡಿತು. ಮಳೆಗೆ ಹಾಗೆ ಆಗುತ್ತದೆ.
ರಮ್ಯ ಬಿಸಿ ಕಡುಬು ತಂದುಕೊಟ್ಟಳು. ಬಸುರಿನ ಹೊಟ್ಟೆ ಚೆನ್ನಾಗಿ ಕಾಣುತ್ತಿದೆ ಈಗ. ನೀರು ಕಾಸಿ ಕುಡಿ ಎನ್ನಲು ಬಾಯಿ ತೆರೆದೆ. ಯಾಕೆ ಎಂದು ಕೇಳಿದರೆ? ಕಡುಬು ಚೆನ್ನಾಗಿದೆ ಅಂದೆ.

ಜೂನ್ 23, ಭಾನುವಾರ
ರಮ್ಯಳಿಗೆ ನಾಲ್ಕು ದಿನದಿಂದ ಜ್ವರ, ವಾಂತಿ. ಕಣ್ಣು ಹಳದಿ. ಏಳು ತಿಂಗಳು ತುಂಬಿದೆ.
ಬೆಳಿಗ್ಗೆ ಕೆಳಗಿನವರು ಏಳುವ ಮೊದಲೇ ಹೋಗಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿ ಬಂದೆ. ಕಳ್ಳಿಯ ಹಾಗೆ.

ಜೂನ್ 27, ಗುರುವಾರ
ಪ್ರಜ್ಞೆ ತಪ್ಪಿದಳು. ಕೊಡ್ಲಿಪೇಟೆಯಿಂದ ಹಾಸನಕ್ಕೆ ಆಂಬ್ಯುಲೆನ್ಸ್. ಸೋಮಯ್ಯ ಸಂಜೆ ಫೋನ್ ಮಾಡಿದ. ಬಸ್ ಡ್ರೈವರ್, ಗಟ್ಟಿ ಮನುಷ್ಯ, ಅಳುತ್ತಲೇ ಮಾತಾಡಿದ.
"ಜಾಂಡೀಸ್ ಅಂತೆ ಅಕ್ಕ. ಬಸುರೀರಿಗೆ ಬಂದ್ರೆ ಕಷ್ಟವಂತೆ. ಕೊಳಕು ನೀರಿಂದ ಬರ್ತದಂತೆ. ಬಸ್‌ಸ್ಟ್ಯಾಂಡಲ್ಲಿ ಪಾನಿಪುರಿ ತಿಂದಿದ್ಲು ಅಂತ ಅವ್ವ ಬಯ್ತಾ ಕೂತದೆ."
ನಾನು ಹೂಂ ಅಂದೆ. ಹೂಂ!

ಜುಲೈ 1
ಹೆಣ್ಣು ಮಗು. ಉಸಿರಿರಲಿಲ್ಲ. ರಮ್ಯ ಐಸಿಯುನಲ್ಲಿ.

ಜುಲೈ 3, ಬುಧವಾರ
ಮಳೆ ಬಿಟ್ಟು ಹೊಳವಾಗಿತ್ತು. ರಜೆ ಹಾಕಿ ಲೋಹಿತನನ್ನು ಕರೆಸಿದೆ. ನಾನು ಬಡಕಲು, ನಾನೇ ನುಗ್ಗುತ್ತೇನೆ ಅಂದೆ. ಬೇಡ ಅಂದ. ಕೇಳಲಿಲ್ಲ. ನನ್ನ ಸೊಂಟಕ್ಕೆ ಹಗ್ಗ ಕಟ್ಟಿ, ತುದಿ ಹಿಡಿದು ಹೊರಗೆ ನಿಂತ.
ಅಡ್ಡಡ್ಡ ಸರಿಯುತ್ತಾ ಹೋದೆ. ಎದೆ ಗೋಡೆಗೆ, ಬೆನ್ನು ಬರೆಗೆ. ಒಮ್ಮೆ ತಿರುಗಿಸಿದ ಮುಖ ಮತ್ತೆ ತಿರುಗಿಸಲಾಗದು. ಕತ್ತಿನ ಮೇಲೆ ಮಣ್ಣು ಉದುರುತ್ತಿತ್ತು. ಬೀಳಲಿ ಪೂರ್ತಿ, ಎನಿಸಿತು. ಬೀಳಲಿಲ್ಲ.
ಸಿಮೆಂಟ್ ಬಿದ್ದದ್ದು ಬೇರೆಲ್ಲೋ. ಬಿರುಕು ಕೆಳಗೆ, ಪೈಪ್ ತಿರುಗುವ ಎಲ್ಬೋದಲ್ಲಿ. ಅಲ್ಲಿಂದ ನೆಲದ ಮೇಲೆ ಕರಿ ಗೆರೆ, ನೇರ ಬಾವಿಯತ್ತ. ಗರಗಸದಿಂದ ಕೊಯ್ದೆ, ಒರೆಸಿದೆ, ಅವನು ಕೋಲಿಗೆ ಸಿಕ್ಕಿಸಿ ಕೊಟ್ಟ ಹೊಸ ಎಲ್ಬೋ ಅಂಟಿಸಿ ಹಿಡಿದುಕೊಂಡು ನಿಂತೆ. ಎರಡು ಗಂಟೆಯ ಕೆಲಸ.
ಮೇಲಿಂದ ಬಕೆಟ್ ನೀರು ಬಿಟ್ಟು ನೋಡಿದ. "ಒಂದು ತೊಟ್ಟೂ ಇಲ್ಲ ಅಕ್ಕ. ಏಪ್ರಿಲಲ್ಲೇ ಹಿಂಗೆ—" ಎಂದವನು ನನ್ನ ಮುಖ ನೋಡಿ ಹಗ್ಗ ಸುತ್ತತೊಡಗಿದ.

ಜುಲೈ 21, ಭಾನುವಾರ
ರಮ್ಯ ಮನೆಗೆ ಬಂದಿದ್ದಾಳೆ. ಗಂಜಿ ಕೊಂಡುಹೋದೆ. ಎದೆಹಾಲು ನಿಲ್ಲಲೆಂದು ಬಟ್ಟೆ ಬಿಗಿದು ಕಟ್ಟಿದ್ದಾರೆ.
"ಪಾನಿಪುರಿ ಎರಡೇ ಸಲ ತಿಂದಿದ್ದು ಅಕ್ಕ. ಅದ್ರಿಂದ್ಲೇ ಅಂತಾರೆ ಅತ್ತೆ. ನಾನೇ ಕೊಂದೆನಾ?"
ಚಮಚ ಕೈಯಲ್ಲಿತ್ತು. ಇನ್ನೊಂದು ಗುಟುಕು ಕುಡಿಸಿದೆ.
ಮೇಲೆ ಬಂದರೆ ಇವರದು ಒಂದೇ ಮಾತು: "ಈಗ ಹೇಳಿದ್ರೆ ಮಗು ಬತ್ತದಾ?"

ಆಗಸ್ಟ್ 4, ಭಾನುವಾರ, ಮಧ್ಯಾಹ್ನ
ಹೇಳಿದೆ. ಅವಳ ಬಾಗಿಲ ಮೆಟ್ಟಿಲ ಮೇಲೆ ಕೂತು ಎಲ್ಲ ಹೇಳಿದೆ. ಲೋಹಿತ್ ಅಂದದ್ದು, ಸಿಮೆಂಟ್, ಬ್ಲೀಚಿಂಗ್ ಪೌಡರ್.
ಕೂಗಾಡಲಿಲ್ಲ. "ಯಾವತ್ತಿಂದ ಗೊತ್ತಿತ್ತು?" ಅಂದಳು.
"ಏಪ್ರಿಲ್ ಹದಿನಾರು."
ಬೆರಳು ಮಡಚಿ ಎಣಿಸಿದಳು. "ಐದ್ನೇ ತಿಂಗ್ಳಲ್ಲಿದ್ದೆ. ಆವತ್ತಿನ್ನೂ ಏನೂ ಆಗಿರ್ಲಿಲ್ಲ." ಮಡಚಿದ ಬೆರಳು ಬಿಡಿಸುತ್ತಾ, "ಕಾಸಿ ಕುಡಿ ಅಂದಿದ್ರೆ ಸಾಕಿತ್ತು ಅಕ್ಕ" ಅಂದಳು.
ಒಳಗೆ ಹೋಗಿ ಚಿಲಕ ಹಾಕಿಕೊಂಡಳು.
ಈಗ ಕೆಳಗೆ ಪಾತ್ರೆಗಳನ್ನು ಚೀಲಕ್ಕೆ ತುಂಬುವ ಸದ್ದು. ಸೋಮಯ್ಯನ ದನಿಯೂ ಕೇಳುತ್ತಿದೆ. ಇಳಿದು ಹೋಗಲೇ? ಹೋಗಿ ಏನೆಂದು ಹೇಳಲಿ?