ಹಾಸು ಹೊಕ್ಕಿನ ವಿಮಾನ

ಲೇ ಷಡ್ಡಕ ನಾಗರಾಜ,

ಇಷ್ಟು ವರ್ಷ ನಾವಿಬ್ಬರೂ ಕೆಳಗೆ ನಿಂತು ವಿಮಾನಗಳ ಹೊಟ್ಟೆ ನೋಡಿದ್ದೇ ಬಂತು. ಈಗ ನೀನು ಮೇಲಿದ್ದೀಯ, ಬೆನ್ನು ನೋಡುತ್ತಿರಬಹುದು. ಹೇಗಿದೆ? ನೀನು ಹೋಗಿ ಎರಡು ವರ್ಷವಾಯಿತು. ಈ ಪತ್ರ ತಡವಾಗಿದ್ದು ಸೋಮಾರಿತನದಿಂದಲ್ಲ, ನಾಚಿಕೆಯಿಂದ. ನಿನ್ನಲ್ಲಿ ಒಂದು ತಪ್ಪು ಒಪ್ಪಿಕೊಳ್ಳುವುದಿದೆ, ಒಂದು ಸುದ್ದಿಯನ್ನೂ ಹೇಳುವುದಿದೆ. ಯಾವುದು ಮೊದಲು ಎಂದು ತಿಳಿಯದೆ ಆಗಲೇ ಎರಡು ಹಾಳೆ ಹರಿದಿದ್ದೇನೆ.

ನೆನಪಿದೆಯಾ, ಅಕ್ಕತಂಗಿಯರನ್ನು ಮದುವೆಯಾಗಿ ನಂಟರಾಗುವ ಮೊದಲೇ ನಾವು ದೊಡ್ಡಬಳ್ಳಾಪುರದ ಒಂದೇ ಶೆಡ್ಡಿನಲ್ಲಿ ಎದುರುಬದುರು ಮಗ್ಗ ಓಡಿಸುತ್ತಿದ್ದೆವು. ಅಷ್ಟು ಮಗ್ಗಗಳ ಸದ್ದಿನಲ್ಲಿ ಮಾತು ಎಲ್ಲಿ ಕೇಳಬೇಕು? ಎಲ್ಲಾ ಕೈಸನ್ನೆ. ಎಳೆ ಹರಿಯಿತು ಎಂದರೆ ಎರಡು ಬೆರಳು, ಟೀಗೆ ಹೋಗೋಣ ಎಂದರೆ ಹೆಬ್ಬೆರಳು. ಫೆಬ್ರುವರಿಯಲ್ಲಿ ಯಲಹಂಕದ ವಿಮಾನ ಪ್ರದರ್ಶನದ ತಾಲೀಮು ಶುರುವಾದರೆ ನಮ್ಮ ಅಂಗೈಗಳೇ ವಿಮಾನ. ನನ್ನ ಬಲಗೈ ಸುಖೋಯ್, ನಿನ್ನ ಎಡಗೈ ತೇಜಸ್. ನನ್ನ ಕೈ ನಿನ್ನ ಕೈಯ ಬೆನ್ನು ಹತ್ತುವುದು, ನಿನ್ನದು ಸರಕ್ಕನೆ ಒಳಗೆ ತಿರುಗಿ ನನ್ನ ಹಿಂದೆ ಬರುವುದು. ಅಷ್ಟರಲ್ಲಿ ಹಾಸಿನ ಉದ್ದೆಳೆಗಳಲ್ಲಿ ನಾಲ್ಕು ಹರಿದು ಸೀರೆ ಹಾಳು. ಯಜಮಾನರು ಬಾಗಿಲಲ್ಲಿ ನಿಂತು ಏನೇನು ಬೈದರೋ, ಅದೂ ನಮಗೆ ಕೇಳಿಸಲಿಲ್ಲ.

ರಾಜಾನುಕುಂಟೆಯ ಹೊಲದ ಬದುವಿನಲ್ಲಿ ಸ್ಕೂಟರ್ ನಿಲ್ಲಿಸಿ ಸುಖೋಯ್ ನೋಡಿದ ದಿನ ನಾನು ಕುಣಿದಿದ್ದೇ ಕುಣಿದಿದ್ದು. ಅಷ್ಟು ದೊಡ್ಡ ವಿಮಾನ ಹೋಗುತ್ತಾ ಹೋಗುತ್ತಾ ಮೂಗೆತ್ತಿ, ಬಾಲದ ಮೇಲೆ ನಿಂತಂತೆ ನಿಂತು, ಹಾಗೇ ಮಗುಚಿಕೊಂಡಿತು.

"ನೋಡ್ದಾ ಗುರು! ಎರಡು ಇಂಜಿನ್ನು. ಬೆಂಕಿ ಉಗುಳೋ ಬಾಯಿನೇ ಬೇಕಾದ ಕಡೆ ತಿರುಗುಸ್ತಾನೆ. ನಿನ್ ತೇಜಸ್ ಕೈಲಿ ಆಯ್ತದಾ?" ಎಂದೆ.

ನೀನು ಕಣ್ಣು ಕಿರಿದು ಮಾಡಿಕೊಂಡು, "ತಿರುಗ್ತು, ಸರಿ. ಆದ್ರೆ ನಿಂತ್ಕೊಂಡ್ಬಿಡ್ತಲ್ಲೋ. ಜಗಳದಲ್ಲಿ ಯಾರಾನಾ ಹಂಗೆ ನಿಂತ್ಕೋತಾರಾ? ಅಷ್ಟು ದಪ್ಪ ಮೈ ಮತ್ತೆ ಓಟಕ್ಕೆ ಬರೋ ಹೊತ್ಗೆ ಇನ್ನೊಬ್ಬ ಹೊಡೆದು ಮನೆಗೆ ಹೋಗಿರ್ತಾನೆ" ಎಂದೆ. ತೇಜಸ್ಸಿನ ಮುಕ್ಕೋನ ರೆಕ್ಕೆಯೂ ಬಿಗಿಯಾಗಿ ತಿರುಗಿದರೆ ವೇಗ ಕಳೆದುಕೊಳ್ಳುತ್ತದೆ ಎಂದು ಪೇಪರಿನಲ್ಲಿ ಓದಿದ್ದನ್ನು ನಾನು ಎಸೆದೆ. "ಅದೂ ನಿಜಾನೇ" ಎಂದು ನೀನು ಕೂಡಲೇ ಒಪ್ಪಿಕೊಂಡೆ. ನಿನ್ನ ಆ ಗುಣ ನನಗೆ ಯಾವತ್ತೂ ಬರಲಿಲ್ಲ. ವಾದದಲ್ಲಿ ಸೋಲುವ ಹಾಗಾದರೆ ನಾನು ದನಿ ಏರಿಸುತ್ತಿದ್ದೆ.

ರಫೇಲ್ ನಮ್ಮ ದೇಶಕ್ಕೆ ಬಂದ ವರ್ಷ ನಾನು ಪಕ್ಷಾಂತರ ಮಾಡಿದ್ದನ್ನು ನೀನು ಎಷ್ಟು ಆಡಿಕೊಂಡೆ! ತಿರುಗುವುದೆಲ್ಲ ಹಳೇ ಕಾಲ, ಈಗೇನಿದ್ದರೂ ಮೊದಲು ಯಾರು ನೋಡುತ್ತಾರೋ ಅವರದೇ ಗೆಲುವು, ರಫೇಲ್ ದೂರದಿಂದಲೇ ಪತ್ತೆ ಹಚ್ಚಿ, ಶತ್ರುವಿನ ರೇಡಾರಿಗೆ ಮಂಕುಬೂದಿ ಎರಚಿ, ಕಣ್ಣಿಗೆ ಕಾಣದಷ್ಟು ದೂರದಿಂದ ಕ್ಷಿಪಣಿ ಬಿಡುತ್ತದೆ ಎಂದು ಭಾಷಣ ಬಿಗಿದೆ. ನೀನು ಪೂರ್ತಿ ಕೇಳಿದೆ. ಆಮೇಲೆ, "ಅವನೂ ಬಿಡ್ತಾನಲ್ಲ, ಆವಾಗ? ತಪ್ಪಿಸ್ಕೊಳ್ಳೋಕಾದ್ರೂ ತಿರುಗ್ಬೇಕಲ್ಲ?" ಎಂದೆ. ಬನ್ ತಿನ್ನುತ್ತಾ ಮಾತು ತಿರುಗಿಸಿದೆ.

ಈಗ ಆ ದಿನಕ್ಕೆ ಬರುತ್ತೇನೆ. ಕರೆಂಟ್ ಹೋಗಿ ಮಗ್ಗಗಳೆಲ್ಲ ನಿಂತಿದ್ದವು, ಶೆಡ್ಡಿನವರೆಲ್ಲ ಟೀ ಅಂಗಡಿ ಮುಂದೆ ಸೇರಿದ್ದರು. ನೀನು ಖುಷಿಯಲ್ಲಿದ್ದೆ. ಯಾರೋ ಹೇಳಿದ್ದನ್ನು ಕೇಳಿಕೊಂಡು ಬಂದಿದ್ದೆ. "ಲೇ, ತೇಜಸ್ ಯಾಕೆ ಅಷ್ಟು ಹಗುರ ಗೊತ್ತಾ? ಅದರ ಮೈ ಬಟ್ಟೇಲಿ ಮಾಡಿರೋದಂತೆ ಕಣೋ! ನೇಯ್ದಿರೋ ಬಟ್ಟೆ. ಹಾಸೂ ಐತೆ, ಹೊಕ್ಕೂ ಐತೆ!"

ನಾನು ಒಂದು ನಿಮಿಷ ಸುಮ್ಮನಿರಬಹುದಿತ್ತು. "ಹಂಗಾ? ಹರಿದ್ರೆ ನೀನೇ ಹೋಗಿ ಗಂಟು ಹಾಕ್ತೀಯಾ? ಒಗೆದ್ರೆ ಬಣ್ಣ ಬಿಡ್ತದಾ? ಸೆರಗು ಯಾವ ಕಡೆ?" ಎಂದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಬಂದಷ್ಟೂ ನನಗೆ ಹುರುಪು. "ಎಂಟನೇ ಕ್ಲಾಸಿಗೆ ಸ್ಕೂಲ್ ಬಿಟ್ಟೋನು, ವಿಮಾನದ ಇಂಜಿನಿಯರ್ ಆಗ್ಬಿಟ್ಟ" ಎಂದೂ ಸೇರಿಸಿದೆ. ಅಂದಿನಿಂದ ನಿನಗೆ 'ಸೀರೆ ವಿಮಾನ' ಎಂಬ ಹೆಸರು ಬಿತ್ತು. ನೀನೂ ನಕ್ಕೆ. ಆದರೆ ಲೋಟದಲ್ಲಿ ಅರ್ಧ ಟೀ ಬಿಟ್ಟು ಎದ್ದು ಹೋದೆ. ನನ್ನ ಜೊತೆಯೇ ಸ್ಕೂಲ್ ಬಿಟ್ಟವನು ನೀನು. ಆ ಮಾತು ನನ್ನ ಬಾಯಲ್ಲಿ ಹೇಗೆ ಬಂತೋ...

ಅದರ ಮುಂದಿನ ಪ್ರದರ್ಶನದ ತಾಲೀಮು ಬಂತು. ಶೆಡ್ಡಿನ ತಾರಸಿಗೆ ಹತ್ತಿ ನಾನು ಕಾದೆ. ನೀನು ಬರಲಿಲ್ಲ. ಇಳಿದು ಬಂದು ನೋಡಿದರೆ ತಲೆ ತಗ್ಗಿಸಿ ಮಗ್ಗ ನೋಡುತ್ತಿದ್ದೆ. ನಾನು ಅಂಗೈ ಚಾಚಿ ತಿರುಗಿಸಿದೆ. ನೀನು ಎರಡು ಬೆರಳು ತೋರಿಸಿದೆ, ಎಳೆ ಹರಿದಿದೆ ಎಂದು. ನಿನ್ನ ಮಗ್ಗದಲ್ಲಿ ಯಾವ ಎಳೆಯೂ ಹರಿದಿರಲಿಲ್ಲ. ಹಬ್ಬಕ್ಕೆ ಬಂದೆ, ಹೋಳಿಗೆ ತಿಂದೆ, ಮಕ್ಕಳ ಓದಿನ ಮಾತಾಡಿದೆ. ವಿಮಾನದ ಮಾತು ಮಾತ್ರ ಮತ್ತೆ ಎತ್ತಲೇ ಇಲ್ಲ.

ಆ ಬೆಳಿಗ್ಗೆ ಎದೆ ಹಿಡಿದುಕೊಂಡಿತೆಂದು ಮಗ್ಗ ನಿಲ್ಲಿಸಿ ಕುಳಿತೆಯಲ್ಲ, ಆಸ್ಪತ್ರೆಗೆ ಹೋಗುವ ಆಟೋದಲ್ಲಿ ನಿನ್ನ ಕೈ ನನ್ನ ಕೈಯಲ್ಲೇ ಇತ್ತು. ತಪ್ಪಾಯ್ತು ಕಣೋ ಎನ್ನಲು ಎರಡು ಪದ ಸಾಕಾಗಿತ್ತು. ನಾನು ಹೇಳಿದ್ದು, "ಏನೂ ಆಗಲ್ಲ, ಸುಮ್ನಿರೋ." ನೀನು ಸುಮ್ಮನಾಗಿಬಿಟ್ಟೆ. ಇಷ್ಟು ವಿಧೇಯ ನೀನು ಯಾವತ್ತಿದ್ದೆ, ನಾಗರಾಜ?

ನೀನು ಹೋದ ಮೇಲಿನ ಪ್ರದರ್ಶನಕ್ಕೆ ಅಮೆರಿಕದ್ದೂ ರಷ್ಯಾದ್ದೂ ಒಟ್ಟಿಗೆ ಬಂದಿದ್ದವು. ಎರಡೂ ರೇಡಾರಿಗೆ ಸುಲಭಕ್ಕೆ ಸಿಗದ ಹೊಸ ತಲೆಮಾರಿನವು. ಅಮೆರಿಕದ ಎಫ್-೩೫ ಆಟಕ್ಕಿಂತ ನೋಟವನ್ನು ನಂಬಿದ ವಿಮಾನವಂತೆ. ಸುತ್ತಲಿನದ್ದನ್ನೆಲ್ಲ ಪೈಲಟ್‌ನ ಕಣ್ಣಮುಂದೆ ತಂದಿಡುತ್ತದಂತೆ. ರಷ್ಯಾದ ಸು-೫೭ ಅಡಗಿಕೊಳ್ಳುವುದರ ಜೊತೆಗೆ ಲಾಗ ಹಾಕುವುದನ್ನೂ ಬಿಟ್ಟಿಲ್ಲ. ನಾನೊಬ್ಬನೇ ತಾರಸಿಯಲ್ಲಿ ನಿಂತು ನೋಡಿದೆ. ಯಾವುದು ಮೇಲು ಎಂದು ಜಗಳ ಮಾಡಲು ಪಕ್ಕದಲ್ಲಿ ನೀನಿರಲಿಲ್ಲ. ನಿಜ ಹೇಳಲೇ? ಒಂದೇ ವಿಮಾನ ಎಲ್ಲದರಲ್ಲೂ ಗೆಲ್ಲುವುದಿಲ್ಲ ಎಂದು ಅಂದೇ ಅನ್ನಿಸಿದ್ದು. ದೊಡ್ಡದು ಭಾರ ಹೊರುತ್ತದೆ, ದೂರ ಹೋಗುತ್ತದೆ. ಸಣ್ಣದು ಬೇಗ ಏಳುತ್ತದೆ, ದೂರದಿಂದ ಬೇಗ ಕಾಣುವುದಿಲ್ಲ. ನೀನು ಇದನ್ನೇ ಅಲ್ಲವೇ ಅಷ್ಟು ವರ್ಷ ಮೆಲ್ಲಗೆ ಹೇಳುತ್ತಿದ್ದದ್ದು?

ಇನ್ನು ಸುದ್ದಿ. ನಿನ್ನ ಮಗಳು ಚೈತ್ರ ಡಿಪ್ಲೊಮಾ ಮುಗಿಸಿದಳು. ಮೂರು ತಿಂಗಳ ಹಿಂದೆ ದೇವನಹಳ್ಳಿ ಕಡೆ ವಿಮಾನದ ಬಿಡಿಭಾಗ ಮಾಡುವ ಒಂದು ಕಾರ್ಖಾನೆಗೆ ತರಬೇತಿಗೆ ಸೇರಿದಳು. ಸೇರಿದ ವಾರವೇ ನಮ್ಮ ಮನೆಗೆ ಬಂದು, "ದೊಡ್ಡಪ್ಪ, ಅಲ್ಲಿ ಕಪ್ಪು ಬಟ್ಟೆ ಕೊಡ್ತಾರೆ, ಇಂಗಾಲದ ನೂಲಲ್ಲಿ ನೇಯ್ದಿರೋದು" ಎಂದಳು. ಪದರದ ಮೇಲೆ ಪದರ ಇಟ್ಟು, ಅಂಟು ಕೂಡಿಸಿ, ಬಿಸಿಯಲ್ಲಿ ಬೇಯಿಸಿದರೆ ಲೋಹದಷ್ಟು ಗಟ್ಟಿ, ಆದರೆ ಹಗುರವಂತೆ. ಒಂದು ಪದರದ ಹಾಸು ಒಂದು ದಿಕ್ಕಿಗಾದರೆ ಇನ್ನೊಂದರದ್ದು ಓರೆಗೆ. ದಿಕ್ಕು ತಪ್ಪಿದರೆ ಬಲವೂ ತಪ್ಪಿತು. ತೇಜಸ್ಸಿನ ಹೊರಮೈ ಬಹುಪಾಲು ಇಂಥದ್ದೇ ಅಂತೆ. ಕೇಳುತ್ತಾ ಕೇಳುತ್ತಾ ನನ್ನ ಕಿವಿ ಬಿಸಿಯಾಯಿತು. "ಊಟ ಆಯ್ತಾ ಮಗ?" ಎಂದು ಎದ್ದುಬಿಟ್ಟೆ.

ಆಮೇಲೆ ಅವಳು ಬಂದಾಗಲೆಲ್ಲ ಹೀಗೇ. ಅವಳು ಕೆಲಸದ ಮಾತು ತೆಗೆಯುವುದು, ನಾನು ಹಸುವಿಗೆ ಹುಲ್ಲು ಹಾಕಬೇಕು ಎನ್ನುವುದು. ನಿನಗೆ ಗೊತ್ತಲ್ಲ, ನಮ್ಮಲ್ಲಿ ಹಸುವೇ ಇಲ್ಲ. ಅಪ್ಪ ತಾರಸಿಗೆ ಹೋಗುವುದನ್ನು ಯಾಕೆ ಬಿಟ್ಟರು ಎಂದು ಅವಳು ಕೇಳಿಬಿಟ್ಟರೆ? ನಾನು ಮಾಡಿದ್ದು ತಿಳಿದರೆ ಮತ್ತೆ ನಮ್ಮ ಹೊಸಿಲು ತುಳಿಯುತ್ತಾಳಾ? ನಿನ್ನನ್ನಂತೂ ಕಳೆದುಕೊಂಡಾಗಿತ್ತು, ಅವಳನ್ನೂ...

ಮೊನ್ನೆ ಭಾನುವಾರ ರಾಜಘಟ್ಟದ ನಿಮ್ಮ ಮನೆಯಿಂದ ಬಂದಳು, ಕೆಲಸ ಖಾಯಂ ಆದ ಕಾಗದ ಹಿಡಿದುಕೊಂಡು. ಪರೀಕ್ಷೆಗೆಂದು ಬಟ್ಟೆಯ ತುಂಡು ಕೊಟ್ಟು ಹಾಸು ಯಾವ ಕಡೆ ಎಂದು ಕೇಳಿದರಂತೆ. ಮಿಕ್ಕವರು ಭೂತಗನ್ನಡಿ ಹುಡುಕುವಷ್ಟರಲ್ಲಿ ಇವಳು ಎರಡು ಕಡೆ ಎಳೆದು ನೋಡಿ ಹೇಳಿದಳಂತೆ. ಎಲ್ಲಿ ಕಲಿತೆ ಎಂದರಂತೆ. "ನಮ್ಮಪ್ಪ ಮಗ್ಗ ಓಡಿಸ್ತಿದ್ರು ಸಾರ್" ಎಂದಳಂತೆ.

ನನಗೆ ತಡೆಯಲಾಗಲಿಲ್ಲ. ಟೀ ಅಂಗಡಿ, ನಗು, ಸೀರೆ ವಿಮಾನ, ಎಂಟನೇ ಕ್ಲಾಸಿನ ಮಾತು, ಒಂದನ್ನೂ ಬಿಡದೆ ಹೇಳಿದೆ. ನಿನ್ನ ಅತ್ತಿಗೆ, ಅದೇ ನನ್ನ ಹೆಂಡತಿ, ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ನಾನು ಅತ್ತುಬಿಟ್ಟೆ, ನಾಗರಾಜ. ಮಗುವಿನ ಮುಂದೆ ಅತ್ತುಬಿಟ್ಟೆ.

ಚೈತ್ರ ಕೈಲಿದ್ದ ಕಾಗದ ಮಡಚಿಟ್ಟಳು. ಆಮೇಲೆ ಹೇಳಿದಳು: "ಗೊತ್ತು ದೊಡ್ಡಪ್ಪ. ಆವತ್ತೇ ಅಪ್ಪ ಮನೆಗೆ ಬಂದು ಹೇಳಿದ್ರು. ನನ್ನ ಹತ್ತನೇ ಕ್ಲಾಸ್ ಮುಗಿದಿತ್ತು. ಡಿಪ್ಲೊಮಾಗೆ ಸೇರ್ಕೋ ಅಂದ್ರು. 'ನೀನು ಓದಿ ಸರಿಯಾಗಿ ತಿಳ್ಕೊಂಡ್ ಬಂದು ನಿಮ್ ದೊಡ್ಡಪ್ಪಂಗೆ ಹೇಳು. ನಾನು ಹೇಳಿದ್ರೆ ನಗ್ತಾನೆ' ಅಂದ್ರು. ಮೂರು ತಿಂಗಳಿಂದ ಹೇಳೋಕೆ ಬರ್ತಾನೇ ಇದೀನಿ. ನೀವು ಕೂತ್ಕೊಳ್ಳೋದೇ ಇಲ್ಲ."

ಕೂತುಕೊಂಡೆ. ಅವಳು ಹಾಳೆಯ ಮೇಲೆ ಗೆರೆ ಎಳೆದು, ಹಾಸು ಹೊಕ್ಕಿನಿಂದ ಶುರುಮಾಡಿ, ರೆಕ್ಕೆಯವರೆಗೆ ಹೇಳಿದಳು. ಎರಡು ಗಂಟೆ ಹಿಡಿಯಿತು. ಎಲ್ಲಾ ಕೇಳಿದೆ.

ನಗಲಿಲ್ಲ ಕಣೋ.

ನಿನ್ನ,
ಗೋಪಾಲ