ಹನ್ನೊಂದನೇ ಕಲಂ

೧೭ನೇ ತಾರೀಖು, ಭಾನುವಾರ

ಪ್ರೀತಿಯ ಅಮ್ಮಾ,

ಹದಿನೈದು ದಿನದಿಂದ ಒಂದು ಸಾಲೂ ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀಯ. ಬೈದು ಮುಗಿದಿದ್ದರೆ ಓದು. ಚೆನ್ನಾಗಿದ್ದೇನೆ, ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇನೆ.

ಕಾಲೇಜಿನವರು ನಮ್ಮನ್ನು ಹಳ್ಳಿಗಳ ನಡುವಿನ ಒಂದು ಸಣ್ಣ ಪೇಟೆಗೆ ಸರ್ವೆಗೆ ಕರೆತಂದಿದ್ದಾರೆ. ಯಾವ ವ್ಯಾಪಾರ, ಎಷ್ಟು ಬಂಡವಾಳ, ಎಷ್ಟು ಜನ ದುಡಿಯುತ್ತಾರೆ ಎಂದು ಕೇಳಿ ಫಾರಂ ತುಂಬಬೇಕು. ನನ್ನ ಪಾಲಿಗೆ ನಲವತ್ತು ಅಂಗಡಿ. ಎಲ್ಲರಿಗಿಂತ ಮೊದಲು ಮುಗಿಸಿ ಮೇಷ್ಟ್ರ ಮುಂದೆ ಕಟ್ಟು ಇಟ್ಟೆ.

ಅವರು ಒಂದೊಂದೇ ಮಗುಚಿ ನೋಡಿ, "ಏನಮ್ಮಾ, ಈ ಊರಲ್ಲಿ ಯಾರಿಗೂ ಹೆಂಡ್ತಿ ಮಕ್ಕಳೇ ಇಲ್ವಾ?" ಎಂದರು. ಹನ್ನೊಂದನೇ ಕಲಂ: ಸಂಬಳವಿಲ್ಲದೆ ದುಡಿಯುವ ಮನೆಯವರು. ನಲವತ್ತರಲ್ಲೂ ಸೊನ್ನೆ! ಮಾಲೀಕರು "ನಾನೊಬ್ನೇ" ಅಂದಿದ್ದರು, ನಾನು ಹಾಗೇ ಬರೆದುಕೊಂಡಿದ್ದೆ.

"ಶನಿವಾರದೊಳಗೆ ಎಲ್ಲಾ ಮತ್ತೆ ಮಾಡು. ಇಲ್ಲಾಂದ್ರೆ ಈ ಪೇಪರ್ ಮುಂದಿನ ವರ್ಷ ಬರೀಬೇಕಾಗತ್ತೆ."

ನನ್ನ ಟೆನ್ಷನ್ ನಿನಗೆ ಗೊತ್ತಲ್ಲ. ಮೊದಲು ಹಿಟ್ಟಿನ ಗಿರಣಿಗೆ ಓಡಿದೆ.

"ಒಬ್ನೇ ಅಂತ ಹೇಳಿದ್ನಲ್ಲಮ್ಮಾ" ಎಂದರು ಗಿರಣಿಯವರು. ಪಕ್ಕದಲ್ಲೇ ಅವರ ಹೆಂಡತಿ ಗಿರಣಿಗೆ ಕಾಳು ಸುರಿಯುತ್ತಿದ್ದರು.

"ಹಾಗಾದ್ರೆ ನಾನ್ಯಾರ್ರೀ, ದೆವ್ವಾನಾ?"

"ನೀನು ಮನೆಯವಳು ಕಣೇ."

"ಸರಿ, ಮನೆಯವಳು ಮನೆಗೆ ಹೋಗ್ತಾಳೆ. ನೀವೇ ಬೀಸ್ಕೊಳಿ!" ಎಂದು ಆಕೆ ಬುಟ್ಟಿ ಕೆಳಗಿಟ್ಟರು. ರೆಪ್ಪೆಗೆಲ್ಲ ಹಿಟ್ಟು. ಸರದಿಯಲ್ಲಿ ನಿಂತವರು ಗೊಳ್ಳೆಂದರು.

"ಒಂದು ಅಂತ ಬರ್ಕೊಳಮ್ಮಾ, ಮಾರಾಯ್ತಿ" ಎಂದರು ಗಿರಣಿಯವರು.

ದಿನಕ್ಕೆ ಎಷ್ಟು ಗಂಟೆ ಎಂದು ಕೇಳಿದೆ. ಗಿರಣಿಯವರು ಹೆಂಡತಿಯ ಮುಖ ನೋಡಿದರು. "ಹತ್ತು" ಎಂದರು ಆಕೆ. ಗಿರಣಿಯವರದು ಎಂಟು ಎಂದು ಬರೆದಿದ್ದೆ.

ಆಮೇಲೆ ನಾನು ಮಾಲೀಕರನ್ನು ಕೇಳುವುದನ್ನೇ ಬಿಟ್ಟು ಅಂಗಡಿಯ ಹಿಂಬಾಗಿಲಿಗೆ ಹೋಗತೊಡಗಿದೆ. ಟೈಲರ್‌ನ ಅತ್ತೆ ಗುಂಡಿ ಹೊಲಿಯುತ್ತಾರೆ, ಸೈಕಲ್ ಅಂಗಡಿಯವರ ತಂಗಿ ಪಂಕ್ಚರ್ ಹಾಕುತ್ತಾರೆ. ಕೊನೆಗೆ ಮೂರೇ ಸೊನ್ನೆ ಉಳಿದವು. ಅದರಲ್ಲೊಂದು ಕ್ಷೌರದ ಅಂಗಡಿಯವರದು. "ನಂಗೆ ಹೆಣ್ಣು ಕೊಡೋರಿದ್ರೆ ಸರ್ವೇಲಿ ಬರ್ಕೋ ಪುಟ್ಟಾ" ಎಂದು ಬೇಡಿಕೊಂಡರು, ಪಾಪ.

ನಿನ್ನೆ ಮೇಷ್ಟ್ರು ಕಟ್ಟು ನೋಡಿ, "ಈಗ ಊರಲ್ಲಿ ಜನ ಇದ್ದಾರೆ" ಎಂದು ಸಹಿ ಹಾಕಿದರು. ಪೇಪರ್ ಉಳಿಯಿತು. ಎಷ್ಟೋ ದಿನದ ಮೇಲೆ ಚೆನ್ನಾಗಿ ನಿದ್ದೆ ಬಂತು.

ಅಪ್ಪನಿಗೆ ನಮಸ್ಕಾರ, ತಮ್ಮನ ತಲೆಗೊಂದು ಮೊಟಕು. ನನ್ನನ್ನು ಮನಸಾರೆ ಹರಸು.

ನಿನ್ನ
ಪಿಟೀಲು

ತಾ.ಕ.: ಬರೆಯಲೋ ಬೇಡವೋ ಎಂದು ಬಹಳ ಹೊತ್ತು ಕೂತಿದ್ದೆ. ಐದನೇ ಕ್ಲಾಸಿನಿಂದ ಪ್ರತಿ ವರ್ಷ ಹಾಸ್ಟೆಲ್ ಫಾರಂ ತುಂಬಿದ್ದು ನಾನೇ. ತಂದೆಯ ಕೆಲಸ: ಬುಕ್ ಬೈಂಡಿಂಗ್. ತಾಯಿಯ ಕೆಲಸ ಎಂದಿದ್ದ ಕಡೆ ಗೆರೆ ಎಳೆಯುತ್ತಿದ್ದೆ. ನಮ್ಮ ಅಂಗಡಿಯ ಒಂದೊಂದು ಪುಸ್ತಕವನ್ನೂ ಹೊಲಿಯುವವಳು ನೀನು. ಫಾರಂ ಕೆಳಗಿನ ಸಹಿ ನಿನ್ನದು. ಓದದೆ ಹಾಕಿದೆ ಅನ್ನಬೇಡಮ್ಮ. ಹೋದ ವರ್ಷ ನಿನ್ನ ಪೆನ್ನು ಆ ಗೆರೆಯ ಹತ್ತಿರ ಸ್ವಲ್ಪ ಹೊತ್ತು ನಿಂತಿತ್ತು. ನಾನು ನೋಡಿದ್ದೆ.